ಡ್ರಮ್ಮಿನ ಮೇಲೆ ಕೂತ ತೂಕದಣ್ಣ

ಹಾಲಿನಕ್ಕನ ಮನೆಯಲ್ಲಿ ಅಡುಗೆ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಬೇಕಾದರೆ ನಮ್ಮ ಬೀದಿಯವರು ಆಕೆಯ ಅಡುಗೆಮನೆಗೆ ಇಣುಕುತ್ತಿರಲಿಲ್ಲ. ಹಿತ್ತಲಿನ ಗೋಡೆಯ ಕಡೆ ನೋಡುತ್ತಿದ್ದರು. ಗೋಡೆಯ ಮೇಲೆ ತೂಕದಣ್ಣ ಎದೆಯವರೆಗೆ ಕಾಣುತ್ತಿದ್ದರೆ ಒಲೆ ಇನ್ನೂ ಹಚ್ಚಿಲ್ಲವೆಂದು ಅರ್ಥ. ಗದ್ದದವರೆಗೆ ಇಳಿದಿದ್ದರೆ ಅನ್ನ ಕುದಿಯುತ್ತಿದೆ. ಮೀಸೆಯೂ ಮುಳುಗಿ ಬರಿಯ ಹಣೆ ಉಳಿದಿದ್ದರೆ ಬೇಳೆ ಬೆಂದಿತು, ಇನ್ನೇನು ತಟ್ಟೆ ಹಾಕುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರಿಗೆ ಇದನ್ನು ಹೇಳಿದರೆ ಅವರು ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿ, ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ತಪ್ಪು ಅವರದಲ್ಲ. ಬುಡದಿಂದ ಹೇಳದಿದ್ದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ತೂಕದಣ್ಣ ಧಾನ್ಯದ ಮಂಡಿಯಲ್ಲಿ ಮೂಟೆ ತೂಗುತ್ತಿದ್ದವನು. ಮೀಸೆ ಬರುವ ಮೊದಲೇ ಆ ಕೆಲಸಕ್ಕೆ ಸೇರಿ, ಮೀಸೆ ನರೆಯುವವರೆಗೂ ಆ ದೊಡ್ಡ ತಕ್ಕಡಿಯ ಪಕ್ಕದಲ್ಲಿಯೇ ನಿಂತಿದ್ದ. ಆಳು ದಪ್ಪ, ದನಿ ಮೆತ್ತಗೆ. ತಕ್ಕಡಿಯ ಮುಳ್ಳು ನಡುಮಧ್ಯದಲ್ಲಿ ನಿಲ್ಲುವವರೆಗೆ ಉಸಿರನ್ನೇ ಬಿಡುತ್ತಿರಲಿಲ್ಲ ಎಂದು ಹಮಾಲಿಗಳು ಹೇಳುತ್ತಿದ್ದರು. ಹೆಣ್ಣು ನೋಡಿಕೊಂಡು ಬಾ ಎಂದು ಮನೆಯವರು ಕಳುಹಿಸಿದಾಗಲೂ ಹಾಗೆಯೇ ಹಿಂದೆ ಮುಂದೆ ತೂಗಿ ನೋಡುತ್ತ ಕೂತ. ಅಷ್ಟರಲ್ಲಿ ಆ ಹುಡುಗಿಯರಿಗೆಲ್ಲ ಬೇರೆ ಕಡೆ ಮದುವೆಯಾಗಿ ಮಕ್ಕಳೂ ಆದವು. ಮಂಡಿಯ ಹಿಂದಿನ ಒಂದು ಕೋಣೆಯೇ ಆತನ ಮನೆಯಾಯಿತು. ಸುತ್ತಮುತ್ತ ಸದಾ ಗದ್ದಲ, ಗಾಡಿಗಳ ಸದ್ದು, ಹಮಾಲಿಗಳ ಬೈಗುಳ. ಆ ಗದ್ದಲದ ನಡುವೆ ಆತ ತೊಟ್ಟಿಲಿನ ಕೂಸಿನಂತೆ ಸುಖವಾಗಿ ನಿದ್ದೆ ಮಾಡುತ್ತಿದ್ದ.

ಒಂದು ದಿನ ಮಂಡಿಗೆ ಕರೆಂಟಿನ ತಕ್ಕಡಿ ಬಂತು. ಅದಕ್ಕೆ ಮುಳ್ಳೂ ಇಲ್ಲ, ಉಸಿರು ಹಿಡಿಯುವವನೂ ಬೇಡ. ಮಂಡಿಯ ಸಾಹುಕಾರರು ಆತನ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ನೇತುಹಾಕಲು ಗೋಡೆ ಎಲ್ಲಿದೆ ಎಂದು ಮಾತ್ರ ಯಾರೂ ಯೋಚಿಸಲಿಲ್ಲ, ಏಕೆಂದರೆ ಕೋಣೆಯನ್ನೂ ಅದೇ ದಿನ ಬಿಡಿಸಿಕೊಂಡರು. ಹೀಗೆ ಒಂದು ಹಾಸಿಗೆಯ ಸುರುಳಿ, ಒಂದು ತಗಡಿನ ಪೆಟ್ಟಿಗೆ, ಒಂದು ಗಡಿಯಾರದೊಂದಿಗೆ ತೂಕದಣ್ಣ ತನ್ನ ತಂಗಿಯ ಮನೆಗೆ ಬಂದಿಳಿದ.

ಆ ತಂಗಿಯೇ ನಮ್ಮ ಹಾಲಿನಕ್ಕ. ನಾಲ್ಕು ಹಸು, ಒಂದಷ್ಟು ಕೋಳಿ, ಮನೆಯ ಹಿಂದೆ ಮೆಕ್ಕೆಜೋಳ ಮತ್ತು ತರಕಾರಿ ಬೆಳೆಯುವಷ್ಟು ನೆಲ. ಬೀದಿಗೆಲ್ಲ ಹಾಲು ಆಕೆಯದೇ. ಮಾತೂ ಆಕೆಯದೇ. ಗಂಡ ವೆಲ್ಡರ್; ಮನೆಯ ಮುಂಭಾಗದಲ್ಲಿಯೇ ಅವನ ಅಂಗಡಿ. ಗೇಟು, ಕಿಟಕಿಯ ಸರಳು, ನೀರಿನ ತೊಟ್ಟಿಯ ಸ್ಟ್ಯಾಂಡು ಎಲ್ಲವನ್ನೂ ಮಾಡುತ್ತಿದ್ದ. ಒಳ್ಳೆಯ ಮನುಷ್ಯ, ಮೈಮುರಿದು ದುಡಿಯುವವನು. ಆದರೆ ಅವನು ಮಾಡಿದ ಗೇಟುಗಳಲ್ಲಿ ಕೆಲವು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ಕೆಲವು ಏನು ಮಾಡಿದರೂ ತೆರೆಯುತ್ತಿರಲಿಲ್ಲ. ನನ್ನ ಮನೆಯ ಗೇಟು ಎರಡನೆಯ ಜಾತಿಯದು. ಹೇಳಲು ಹೋದರೆ ಅವನು ಒಂದು ಕಣ್ಣು ಮುಚ್ಚಿ ನೋಡಿ, "ಗೇಟು ನೆಟ್ಟಗಿದೆ ಮೇಷ್ಟ್ರೇ, ನಿಮ್ಮ ಗೋಡೆ ವಾಲಿದೆ" ಎನ್ನುತ್ತಿದ್ದ. ನಾನು ಗೋಡೆಯನ್ನು ಹತ್ತಿಯೇ ಓಡಾಡುತ್ತಿದ್ದೆ.

ಮೊದಮೊದಲು ವೆಲ್ಡರ್ ಹೆಂಡತಿಯ ಅಣ್ಣನನ್ನು ಚೆನ್ನಾಗಿಯೇ ನೋಡಿಕೊಂಡ. ಆದರೆ ತೂಕದಣ್ಣನ ಊಟವೆಂದರೆ ಊಟ. ಅದನ್ನು ದಿನವೂ ಎದುರಿಗೆ ಕೂತು ನೋಡುವುದು ಯಾವ ಭಾವಮೈದುನನಿಗೂ ಸುಲಭವಲ್ಲ. ಹೀಗಾಗಿ ತೂಕದಣ್ಣ ಮನೆಗೆ ಉಪಯೋಗವಾಗಬೇಕೆಂದು ಕೊಟ್ಟಿಗೆಯ ಕೆಲಸಕ್ಕೆ ಇಳಿದ. ಹಾಲು ಕರೆಯಲು ಕೂತರೆ ಮುಕ್ಕಾಲಿಯ ಕಾಲು ಮುರಿಯಿತು. ಜೋಳದ ದಂಟು ಕತ್ತರಿಸಲು ಕೊಟ್ಟರೆ ಪ್ರತಿಯೊಂದು ತುಂಡೂ ಒಂದೇ ಅಳತೆಗೆ ಬರಬೇಕೆಂದು ಹಟ ಹಿಡಿದ. ಕತ್ತರಿಸಿದ್ದನ್ನು ನಾಲ್ಕು ಹಸುಗಳಿಗೆ ಸಮನಾಗಿ ಹಂಚಲು ಒಂದು ಹಿಡಿ ಇಲ್ಲಿಂದ ತೆಗೆದು ಅಲ್ಲಿಗೆ, ಅಲ್ಲಿಂದ ತೆಗೆದು ಇಲ್ಲಿಗೆ ಹಾಕುತ್ತ ಮಧ್ಯಾಹ್ನ ಮಾಡಿದ. ಹಸುಗಳು ಅಂಥ ಸಮಾನತೆಯನ್ನು ಕೇಳಿರಲಿಲ್ಲ. ಅವು ಹಗ್ಗ ಜಗ್ಗಿ ಕೂಗಿದ್ದು ಮುಂದಿನ ಬೀದಿಯವರೆಗೆ ಕೇಳಿಸಿತು.

ಅಂದು ಊಟಕ್ಕೆ ಕೂತಾಗ ವೆಲ್ಡರ್ ತಟ್ಟೆಯ ಕಡೆ ನೋಡುತ್ತಲೇ ಮಾತು ತೆಗೆದ. ನಾನು ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಭಾವ, ನಿಮ್ಮ ದೊಡ್ಡಣ್ಣನ ಮನೇಲಿ ಗಾಳಿ ಬೆಳಕು ಚೆನ್ನಾಗಿದೆಯಂತಲ್ಲ."

"ಇದೆ," ಎಂದ ತೂಕದಣ್ಣ. "ಅದು ಬಿಟ್ರೆ ಬೇರೇನೂ ಇಲ್ಲ."

"ಆರೋಗ್ಯಕ್ಕೆ ಒಳ್ಳೇದು ಅಂತ ಹೇಳ್ದೆ."

ದೊಡ್ಡಣ್ಣನ ಮನೆ ದೂರದ ಪಟ್ಟಣದಲ್ಲಿತ್ತು. ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮಾತನಾಡುವವರಲ್ಲ. ರೇಡಿಯೋವನ್ನು ಕೂಡ ದಿಂಬಿನ ಕೆಳಗೆ ಇಟ್ಟು ಕೇಳುತ್ತಾರೆ. ಬಂದವರು ಕೆಮ್ಮಿದರೆ ಎದ್ದು ಕಿಟಕಿ ಮುಚ್ಚುತ್ತಾರೆ. ಹಿಂದೊಮ್ಮೆ ತೂಕದಣ್ಣ ಅಲ್ಲಿ ಸ್ವಲ್ಪ ಕಾಲ ಇದ್ದು, ತನ್ನ ದನಿ ಹೇಗಿದೆ ಎಂಬುದೇ ಮರೆತುಹೋಗಿ, ಮರಳಿ ಬರುವಾಗ ಬಸ್ಸಿನ ಕಂಡಕ್ಟರನೊಂದಿಗೆ ಸುಮ್ಮಸುಮ್ಮನೆ ಜಗಳವಾಡಿದ್ದನಂತೆ. ಆತನಿಗೆ ಸಾವಿನ ಭಯವಿರಲಿಲ್ಲ, ಆ ಮನೆಯ ಭಯವಿತ್ತು. ಆದರೆ ವೆಲ್ಡರ್ ಆಗಲೇ ತನ್ನ ಗೆಳೆಯ ಟೆಂಪೋದವನಿಗೆ ಹೇಳಿಟ್ಟಿದ್ದ: ಮೆಕ್ಕೆಜೋಳದ ಕಟಾವು ಮುಗಿದ ಮೇಲೆ ತೆನೆ ತುಂಬಿಕೊಂಡು ಆ ಪಟ್ಟಣಕ್ಕೆ ಹೋಗುವಾಗ ಭಾವನನ್ನೂ, ಪೆಟ್ಟಿಗೆಯನ್ನೂ ಅಲ್ಲಿ ಇಳಿಸಿ ಬರುವುದು.

ಇದರ ನಡುವೆಯೇ ಗೋಬರ್ ಗ್ಯಾಸಿನ ಸುದ್ದಿ ಹಬ್ಬಿತು. ಪಶುಪಾಲನೆಯ ಕಚೇರಿಯ ಅಧಿಕಾರಿಣಿಯೊಬ್ಬರು ನಮ್ಮ ಶಾಲೆಯ ಅಂಗಳದಲ್ಲಿ ಸಭೆ ನಡೆಸಿ, ನಾಲ್ಕು ಹಸುವಿರುವ ಮನೆಗೆ ಸೌದೆಯ ಚಿಂತೆಯೇ ಬೇಡ ಎಂದು ಬಿಡಿಸಿ ಹೇಳಿದರು. ಸಗಣಿ, ಅಷ್ಟೇ ನೀರು, ಜೊತೆಗೆ ಚೂರು ಮಾಡಿದ ಹೊಲದ ಕಸ, ಕೊಳೆತ ತರಕಾರಿ. ಇದನ್ನೆಲ್ಲ ಕಲಸಿ ಇಟ್ಟಿಗೆಯ ಬಾವಿಯಂಥ ಗುಂಡಿಗೆ ಬಿಡುವುದು. ಅದರ ಮೇಲೆ ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕುವುದು. ಗ್ಯಾಸು ಹುಟ್ಟಿದಂತೆ ಡ್ರಮ್ಮು ಮೇಲೇಳುತ್ತದೆ, ಉರಿಸಿದಂತೆ ಕೆಳಗಿಳಿಯುತ್ತದೆ. ಗುಂಡಿಯಿಂದ ಹೊರಬರುವ ಬಗ್ಗಡ ಹೊಲಕ್ಕೆ ಗೊಬ್ಬರ, ಆ ಹೊಲದ ದಂಟು ಮತ್ತೆ ಹಸುವಿಗೆ. ಸೊಗಸಾದ ಮಾತು. ವೆಲ್ಡರ್ ಅರ್ಧ ಕೇಳಿ ಎದ್ದು ಬಂದ. "ಡ್ರಮ್ಮು ತಾನೇ, ನಾನೇ ಮಾಡ್ತೀನಿ" ಎಂದು, ಗೇಟಿಗೆಂದು ತಂದಿದ್ದ ತೆಳ್ಳನೆಯ ತಗಡನ್ನು ಬಳಸಿ ಡ್ರಮ್ಮು ಮಾಡಿದ. ಡ್ರಮ್ಮು ಅತ್ತಿತ್ತ ಹೋಗದೆ ನೆಟ್ಟಗೆ ಏರಿಳಿಯಲಿ ಎಂದು ಗುಂಡಿಯ ನಡುವೆ, ಡ್ರಮ್ಮಿನ ಒಳಗೊಳವೆಯಲ್ಲಿ ಹಾಯ್ದು ಮೇಲಕ್ಕೆ ಬರುವಂತೆ, ಒಂದು ಪೈಪು ನಿಲ್ಲಿಸಬೇಕು. ಅದನ್ನೂ ತಾನೇ ನಿಲ್ಲಿಸಿದ.

ಗುಂಡಿ ತುಂಬಿತು, ಕಾಲ ಬಂದಾಗ ಡ್ರಮ್ಮೂ ಎದ್ದಿತು. ಹಾಲಿನಕ್ಕ ಹೊಸ ಒಲೆಗೆ ಕಡ್ಡಿ ಗೀರಿದಳು. ನೋಡಲು ಬೀದಿಯೇ ನೆರೆದಿತ್ತು. ಉರಿ ಬಂತು, ಬರಲಿಲ್ಲವೆನ್ನಲಾಗದು. ಮಿಂಚುಹುಳುವಿನ ಬೆನ್ನಿನಷ್ಟು ಬಂತು. ಅದರ ಮೇಲೆ ಇಟ್ಟ ಚಹಾದ ನೀರಿಗೆ ಬೆರಳದ್ದಿ ನೋಡಿ ಆಕೆ, "ಇದರಲ್ಲಿ ಹಾಲು ಕಾಯೋಷ್ಟರಲ್ಲಿ ಮೊಸರೇ ಆಗಿರುತ್ತೆ" ಎಂದಳು.

"ಡ್ರಮ್ಮು ಹಗುರ ಆಯ್ತು," ಎಂದ ವೆಲ್ಡರ್, ಬೇರೆ ಯಾರೋ ಮಾಡಿದ ಡ್ರಮ್ಮಿನ ವಿಚಾರ ಹೇಳುವವನಂತೆ. "ಮೇಲೆ ಭಾರ ಇಟ್ರೆ ಗ್ಯಾಸು ಒತ್ತಿ ಬರುತ್ತೆ."

ಕಲ್ಲು ಹೇರಿದರು. ಉರಿ ಒಂದು ಕ್ಷಣ ಎದ್ದಿತು. ಮರುಕ್ಷಣ ಡ್ರಮ್ಮು ಒಂದು ಪಕ್ಕಕ್ಕೆ ವಾಲಿ, ಪೈಪಿಗೆ ಕಚ್ಚಿಕೊಂಡು, ಕರ್ರ್ ಎಂದು ಹಲ್ಲು ಜುಮ್ಮೆನ್ನುವಂತೆ ಕಿರುಚಿ ನಿಂತುಬಿಟ್ಟಿತು. ಕಲ್ಲನ್ನು ಆ ಕಡೆಗೆ ಸರಿಸಿದರೆ ಆ ಕಡೆಗೆ ಕಚ್ಚಿಕೊಂಡಿತು. ಮರಳಿನ ಚೀಲ ಇಟ್ಟರೂ ಅದೇ ಕತೆ. ಸ್ವಲ್ಪ ಇಳಿಯುತ್ತಲೇ ಅದರ ವಾಲು ಬದಲಾಗುತ್ತಿತ್ತು. ನೋಡಿದವರಿಗೆಲ್ಲ ಕಾರಣ ಕಾಣುತ್ತಿತ್ತು: ನಡುವಿನ ಪೈಪು ಸೊಟ್ಟಗಿತ್ತು. ಗುಂಡಿ ಕಟ್ಟಿದ್ದ ಗಾರೆಯವನು ಮೆಲ್ಲಗೆ ಹಾಗೆಂದೂ ಹೇಳಿದ. ವೆಲ್ಡರ್ ಒಂದು ಕಣ್ಣು ಮುಚ್ಚಿ ಪೈಪನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಪೈಪು ನೆಟ್ಟಗಿದೆ. ಭೂಮಿ ವಾಲಿದೆ."

ಗಾರೆಯವನು ತನ್ನ ಕರಣೆ ಎತ್ತಿಕೊಂಡು ಮನೆಗೆ ಹೋದ.

ಒಂದು ಮುಂಜಾನೆ ಹಾಲಿನಕ್ಕ ಹಟಕ್ಕೆ ಬಿದ್ದು ಅದೇ ಒಲೆಯ ಮೇಲೆ ಅನ್ನಕ್ಕಿಟ್ಟಿದ್ದಳು. ಕಚ್ಚಿಕೊಂಡು ನಿಂತ ಡ್ರಮ್ಮಿನ ಮೇಲಿನ ಕಲ್ಲುಗಳನ್ನಾದರೂ ಇಳಿಸೋಣವೆಂದು ತೂಕದಣ್ಣ ಏದುಸಿರು ಬಿಡುತ್ತ ಮೇಲೆ ಹತ್ತಿದ. ಒಂದೊಂದಾಗಿ ಕಲ್ಲುಗಳನ್ನೆಲ್ಲ ಇಳಿಸಿ, ಸುಸ್ತಾಗಿ ಅಲ್ಲಿಯೇ ಕೂತ. ಅಡುಗೆಮನೆಯ ಕಿಟಕಿ ಗುಂಡಿಯ ಕಡೆಗೇ ತೆರೆಯುತ್ತದೆ. ಅಲ್ಲಿಂದ ತಂಗಿಯ ದನಿ ಬಂತು.

"ಅಣ್ಣ, ಏನ್ ಮಾಡ್ದೆ?"

"ಏನೂ ಮಾಡ್ಲಿಲ್ಲಮ್ಮ. ಕೂತ್ಕೊಂಡೆ."

"ಹಾಗೇ ಕೂತಿರು. ಅಲ್ಲಾಡಬೇಡ."

ಒಲೆಯಲ್ಲಿ ಉರಿ ನೀಲಿ ಹೂವಿನಂತೆ ಅರಳಿ ಭುಸುಗುಟ್ಟುತ್ತಿತ್ತು. ಆದರೆ ಅಲ್ಲಾಡದೆ ಕೂರುವಂತಿರಲಿಲ್ಲ. ಡ್ರಮ್ಮು ಇಳಿಯುತ್ತ ಎಡಕ್ಕೆ ವಾಲಿತು. ತೂಕದಣ್ಣನಿಗೆ ಯಾರೂ ಏನೂ ಹೇಳಿಕೊಡಲಿಲ್ಲ; ಕಾಣದ ತಕ್ಕಡಿಯ ಮುಳ್ಳೊಂದನ್ನು ನೋಡುವವನಂತೆ ಉಸಿರು ಹಿಡಿದು, ಒಂದು ಗೇಣು ಬಲಕ್ಕೆ ಸರಿದ. ಡ್ರಮ್ಮು ಸಮನಾಯಿತು, ಬೆಣ್ಣೆಯಲ್ಲಿ ಜಾರಿದಂತೆ ಇಳಿಯಿತು. ಮತ್ತೆ ವಾಲಿತು, ಮತ್ತೆ ಸರಿದ. ಅನ್ನ ಬೆಂದು ಬೇಳೆಯೂ ಬೆಂದಿತು. ಕಲ್ಲಿಗೆ ಸರಿಯಲು ಬರುವುದಿಲ್ಲ, ತೂಕದಣ್ಣನಿಗೆ ಬರುತ್ತದೆ. ಅಷ್ಟೇ ವ್ಯತ್ಯಾಸ.

ಅಂದಿನಿಂದ ಆ ಮನೆಯ ದಿನಚರಿ ಬದಲಾಯಿತು. ಬೆಳಗಿನ ಹೊತ್ತಿಗೆ ಡ್ರಮ್ಮು ಉಬ್ಬಿ ಎತ್ತರಕ್ಕೆ ನಿಂತಿರುತ್ತಿತ್ತು. ತೂಕದಣ್ಣ ಏಣಿ ಇಟ್ಟು ಹತ್ತಿ, ಗೋಣಿಚೀಲ ಹಾಸಿ, ಕೊಡೆ ಬಿಚ್ಚಿ ಕೂರುತ್ತಿದ್ದ. ಬೀಡಿ ಸೇದುವವರು ಗೋಡೆಯ ಹತ್ತಿರ ಬರಕೂಡದು ಎಂಬುದೊಂದೇ ಕಟ್ಟುನಿಟ್ಟು. ಎತ್ತರದಲ್ಲಿ ಕೂತಾಗ ಬೀದಿಯ ಎರಡೂ ತುದಿಗಳು ಆತನಿಗೆ ಕಾಣುತ್ತಿದ್ದವು. ಆಗ ಆತನ ಮಾತುಗಳೂ ದೊಡ್ಡದೊಡ್ಡವೇ. ದೇಶದ ಸ್ಥಿತಿ, ಮೋಡದ ಚಲನೆ, ಯಾರ ಮಗ ಯಾವ ಓದು ಓದಬೇಕು. ಅಕ್ಕಿ ಕುದಿಯುವ ಹೊತ್ತಿಗೆ ಮಾತು ಮೊಣಕಾಲು ನೋವಿನ ಕಡೆಗೆ ತಿರುಗುತ್ತಿತ್ತು. ಕೊನೆಗೆ ಗೋಡೆಯ ಹಿಂದಿನಿಂದ ದನಿಯೊಂದೇ ಬರುತ್ತಿತ್ತು, ಅದೂ ಹಸಿವಿನ ಬಗ್ಗೆ. ಅಂಚೆಯವನು ನಮ್ಮೆಲ್ಲರ ಪತ್ರಗಳನ್ನು ಆತನ ಕೈಗೇ ಕೊಟ್ಟು ಹೋಗುತ್ತಿದ್ದ. ಬೀದಿಯಲ್ಲಿ ಸದಾ ಸಿಗುವ ಮನುಷ್ಯನೆಂದರೆ ಆತನೊಬ್ಬನೇ.

ಕಿಟಕಿಯ ಒಳಗೆ ತಂಗಿ, ಹೊರಗೆ ಅಣ್ಣ. ಆಕೆಯ ಮದುವೆಯಾದಾಗಿನಿಂದ ಬಾಕಿ ಉಳಿದಿದ್ದ ಮಾತುಗಳೆಲ್ಲ ಆಗ ಆದವು.

"ಅಣ್ಣ, ಉರಿ ಸ್ವಲ್ಪ ಸಣ್ಣ ಬೇಕು, ಹಾಲು ಉಕ್ತಿದೆ."

ತೂಕದಣ್ಣ ಪಕ್ಕದ ಗೋಡೆಗೆ ಕೈ ಊರಿ ಅರ್ಧ ಏಳುತ್ತಿದ್ದ. "ಇಷ್ಟು ಸಾಕಾ?"

"ಇನ್ನೊಂದು ಚೂರು ಏಳು. ಸಾಕು, ಹಾಗೇ ಇರು."

"ಹಾಗೇ ಇರೋಕೆ ನಾನೇನು ಬಾವಲಿನಾ? ಬೇಗ ಇಳಿಸು ತಾಯಿ. ಒಲೆಗೆ ಒಂದು ತಿರುಗಣೆ ಇದೆಯಲ್ಲ, ಅದೇನು ಅಲಂಕಾರಕ್ಕಾ?"

"ಅದು ಬಿಗಿಯಾಗಿದೆ. ನಿನಗೆ ಹೇಳೋದೇ ಸುಲಭ."

ಕಟಾವು ಮುಗಿಯಿತು. ತೆನೆಯನ್ನು ಮೂಟೆ ಕಟ್ಟಿದ್ದಾಯಿತು. ದಂಟು ಹಸುಗಳಿಗೆ, ಹಸು ತಿನ್ನದ ಬೊಡ್ಡೆ ಚೂರಾಗಿ ಗುಂಡಿಗೆ ಹೋಯಿತು. ಟೆಂಪೋದವನು ಬಂದು ಹಾರ್ನ್ ಮಾಡಿದ. ವೆಲ್ಡರ್ ಹೊರಗೆ ಬಂದು, ಗೋಡೆಯ ಮೇಲೆ ಕಾಣುತ್ತಿದ್ದ ಮೀಸೆಯನ್ನೊಮ್ಮೆ ನೋಡಿ, ತಲೆ ಕೆರೆದುಕೊಂಡ.

"ಈ ಸಲ ಬೇಡ. ಬೇಳೆ ಒಲೆ ಮೇಲಿದೆ."

"ಮುಂದಿನ ಸಲ?" ಎಂದ ಟೆಂಪೋದವನು.

"ಡ್ರಮ್ಮಿಗೆ ಬೇರೆ ಏನಾದ್ರೂ ದಾರಿ ಕಾಣೋವರೆಗೂ ತಡಿ."

ಈ ಮಾತು ತೂಕದಣ್ಣನಿಗೂ ಕೇಳಿಸಿತ್ತು. ಆ ಸಂಜೆ ಡ್ರಮ್ಮು ಪೂರ್ತಿ ಇಳಿದು, ಆತ ಗೋಡೆಯ ಹಿಂದೆ ಮರೆಯಾಗಿದ್ದಾಗ, ನಾನು ನನ್ನ ಪತ್ರ ಕೇಳಲು ಹೋಗಿದ್ದೆ. ಒಳಗಿನಿಂದ ಮೆಲ್ಲನೆಯ ದನಿ ಬಂತು.

"ಮೇಷ್ಟ್ರೇ, ಯಾರೂ ಇಲ್ಲ ತಾನೇ?"

"ನಾನೊಬ್ಬನೇ."

"ಆ ಪೈಪು ನೆಟ್ಟಗಾದ ದಿನ ನಾನು ಹಾಸಿಗೆ ಸುತ್ತಬೇಕು. ದಂಟು ಹಸುವಿಗೆ, ಹಸು ಗುಂಡಿಗೆ, ಗುಂಡಿ ಒಲೆಗೆ, ಒಲೆ ನನ್ನ ಹೊಟ್ಟೆಗೆ, ನಾನು ಮತ್ತೆ ಗುಂಡಿ ಮೇಲೆ. ಇಂಥ ಚೆನ್ನಾದ ಸುತ್ತಿನಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು. ಯಾರಾದ್ರೂ ಪೈಪು ಸರಿಮಾಡೋಕೆ ಬಂದ್ರೆ ನೀವೇ ಏನಾದ್ರೂ ಹೇಳಿ ಕಳಿಸಿಬಿಡಿ."

ನಾನು ಆಗಲಿ ಎಂದೆ. ಹೇಳಿ ಕಳುಹಿಸುವುದು ಏನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಡುವೆ ಒಮ್ಮೆ ಆತನಿಗೆ ಜ್ವರ ಬಂತು. ವೆಲ್ಡರ್, "ಕೂರೋದೇನು ಮಹಾ ವಿದ್ಯೆ" ಎಂದು ತಾನೇ ಹತ್ತಿ ಕೂತ. ಅವನು ಕಡ್ಡಿಯಂತೆ ಸಣ್ಣ. ಡ್ರಮ್ಮು ಅವನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಜೊತೆಗೆ ನಮ್ಮ ಬೀದಿಯ ದರ್ಜಿಯೂ ಹತ್ತಿದ. ಈಗ ಡ್ರಮ್ಮು ಒಂದು ಕಡೆಗೆ ವಾಲಿ ಕಚ್ಚಿಕೊಂಡಿತು. ಇಬ್ಬರೂ ಜಾರಿ ಹೋಗಿ ಪೈಪನ್ನು ತಬ್ಬಿಕೊಂಡು, ಎದುರುಬದುರು ಮುಖ ಮಾಡಿ, ನಾವು ಹಗ್ಗ ತರುವವರೆಗೂ ತುಟಿ ಪಿಟಕ್ಕೆನ್ನದೆ ಕೂತಿದ್ದರು. ಮನೆಯವರೆಲ್ಲ ಅಂದು ಬ್ರೆಡ್ಡು ತಿಂದರು. ಮರುದಿನ ತೂಕದಣ್ಣ ಕಂಬಳಿ ಹೊದ್ದುಕೊಂಡೇ ಹತ್ತಿ ಕೂತ. ವೆಲ್ಡರ್ ತಾನೇ ಏಣಿ ಹಿಡಿದಿದ್ದ.

ಕೊನೆಗೆ ಆ ಅಧಿಕಾರಿಣಿ ಬಂದೇ ಬಂದರು. ತಮ್ಮ ಮಾತು ಕೇಳಿ ಯಾರೋ ಒಬ್ಬರಾದರೂ ಗ್ಯಾಸಿನ ಗುಂಡಿ ಮಾಡಿಸಿದ್ದಾರೆ ಎಂಬ ಸಂತೋಷದಲ್ಲಿ ಬಂದಿದ್ದರು ಪಾಪ. ಕೊಟ್ಟಿಗೆ ನೋಡಿ ಮೆಚ್ಚಿದರು. ಬಗ್ಗಡ ಹರಿದು ಹೋಗುವ ಕಾಲುವೆ ನೋಡಿ ಮೆಚ್ಚಿದರು. ಅದನ್ನು ಕುಡಿದು ಆಳೆತ್ತರ ಬೆಳೆದ ಹುಲ್ಲನ್ನು ಕೈಯಲ್ಲಿ ಸವರಿ ಮೆಚ್ಚಿದರು. ಆಮೇಲೆ ಗುಂಡಿಯ ಕಡೆ ತಿರುಗಿದರು. ಡ್ರಮ್ಮಿನ ಮೇಲೆ ಕೊಡೆ, ಕೊಡೆಯ ಕೆಳಗೆ ಪತ್ರಿಕೆ ಓದುತ್ತಿದ್ದ ತೂಕದಣ್ಣ, ಆತನ ಪಕ್ಕದಲ್ಲಿ ಒಂದು ಕೋಳಿ.

"ಅವರು ಯಾರು?"

"ಅವರು ನಮ್ಮ ಭಾವ, ಮೇಡಂ," ಎಂದ ವೆಲ್ಡರ್.

"ಅಲ್ಲೇನ್ ಮಾಡ್ತಿದ್ದಾರೆ?"

"ಒತ್ತಡ, ಮೇಡಂ."

ಅಧಿಕಾರಿಣಿ ಕತ್ತು ಚಾಚಿ ಇನ್ನೊಮ್ಮೆ ನೋಡಿದರು. "ಮತ್ತೆ ಆ ಕೋಳಿ?"

"ಅದು ಸುಮ್ನೆ ಕೂತಿದೆ."

"ಅಜ್ಜಾ, ದಯವಿಟ್ಟು ಕೆಳಗೆ ಬನ್ನಿ. ಇದು ಅಪಾಯ."

"ಅನ್ನ ಅರ್ಧ ಬೆಂದಿದೆ ತಾಯಿ," ಎಂದ ತೂಕದಣ್ಣ, ಪತ್ರಿಕೆ ಮಡಿಸುತ್ತ. "ಈಗ ಇಳಿದ್ರೆ ಒಳಗೆ ಅಕ್ಕಿ ಉಳಿದುಬಿಡುತ್ತೆ."

ಅನ್ನವಾಗುವವರೆಗೆ ಎಲ್ಲರೂ ನಿಂತು ಕಾದೆವು. ಆತ ಇಳಿದ ಮೇಲೆ ಅಧಿಕಾರಿಣಿ ದಾರಕ್ಕೆ ಗುಂಡು ಕಟ್ಟಿ ಪೈಪಿನ ಪಕ್ಕ ಇಳಿಬಿಟ್ಟರು. ದಾರ ಒಂದು ಕಡೆ, ಪೈಪು ಇನ್ನೊಂದು ಕಡೆ. ನಡುವೆ ಕೋಳಿ ನುಸುಳುವಷ್ಟು ಜಾಗ. ನೆರೆದ ಬೀದಿಯ ಜನರಲ್ಲಿ ಯಾರೋ ಕಿಸಕ್ಕೆಂದರು. ಎಷ್ಟೋ ಗೇಟುಗಳ ಸೇಡು ಆ ನಗೆಯಲ್ಲಿತ್ತು.

"ಪೈಪು ಸೊಟ್ಟಗಿದೆ. ಇದನ್ನ ಯಾರು ನಿಲ್ಲಿಸಿದ್ದು?"

ವೆಲ್ಡರ್ ಬಾಯಿ ತೆರೆದ. ಭೂಮಿ ವಾಲಿದೆ ಎನ್ನಲು ಹೊರಟಿದ್ದನೋ ಏನೋ. ದಾರ ಎದುರಿಗೇ ತೂಗುತ್ತಿತ್ತು. ಕಿವಿ ಕೆಂಪಗಾಗಿ ನೆಲ ನೋಡಿದ. ಆಗ ತೂಕದಣ್ಣ ಮುಂದೆ ಬಂದ.

"ನಿಲ್ಲಿಸಿದಾಗ ನೆಟ್ಟಗೇ ಇತ್ತು ತಾಯಿ. ನನ್ನ ಕಣ್ಣಾರೆ ನೋಡಿದೀನಿ. ನಾನೇ ಕೂತು ಕೂತು ಸೊಟ್ಟ ಮಾಡ್ದೆ. ಈ ಮೈ ನೋಡಿ, ಯಾವ ಪೈಪು ತಡೆಯುತ್ತೆ ಹೇಳಿ."

ಬೀದಿಯಲ್ಲಿ ನಗು ನಿಂತಿತು. ಆತನ ತೂಕದ ಮಾತಿಗೆ ಮಂಡಿಯಲ್ಲಿ ಯಾರೂ ಎದುರಾಡಿದವರಲ್ಲ. ಆತ ಸುಳ್ಳು ತೂಗಿದ್ದನ್ನು ನಾವು ನೋಡಿದ್ದು ಅದೇ ಮೊದಲು. ವೆಲ್ಡರ್ ತಲೆ ಎತ್ತಿ ಭಾವನನ್ನು ನೋಡಿದ.

"ಸರಿ, ಹಾಗಾದ್ರೆ ಹೊಸ ಪೈಪು ಹಾಕಿಸ್ತೀನಿ," ಎಂದರು ಅಧಿಕಾರಿಣಿ. "ಮೇಲೆ ಸಿಮೆಂಟಿನ ಬಿಲ್ಲೆಗಳನ್ನ ಸುತ್ತ ಜೋಡಿಸಿದ್ರೆ ಆಯ್ತು. ಯಾರೂ ಕೂರೋದು ಬೇಡ. ಅಜ್ಜ ಇನ್ನು ಆರಾಮಾಗಿರಬಹುದು."

ಆ ವಾರದಲ್ಲಿಯೇ ಅವರ ಕಡೆಯವರು ಬಂದು ಹಳೆಯ ಪೈಪು ಕಿತ್ತು, ದಾರ ಹಿಡಿದು ಹೊಸದನ್ನು ನಿಲ್ಲಿಸಿ, ಬಿಲ್ಲೆಗಳನ್ನು ಜೋಡಿಸಿ ಹೋದರು. ಅಚ್ಚುಕಟ್ಟಾದ ಕೆಲಸ. ಡ್ರಮ್ಮು ತಾನಾಗಿಯೇ ಏರಿತು, ತಾನಾಗಿಯೇ ಇಳಿಯಿತು. ಉರಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ. ನಾನು ಯಾವ ನೆಪ ಹೇಳಿ ಅವರನ್ನು ತಡೆಯಬಹುದಿತ್ತೆಂದು ಇಂದಿಗೂ ಹೊಳೆದಿಲ್ಲ.

ತೂಕದಣ್ಣ ಆರಾಮಾಗಿರಲು ಪ್ರಯತ್ನಪಟ್ಟ. ಡ್ರಮ್ಮಿನ ಪಕ್ಕ ಕುರ್ಚಿ ಹಾಕಿಕೊಂಡು, ಒಲೆ ಹಚ್ಚಿದಾಗಲೆಲ್ಲ ಕೂತಲ್ಲಿಯೇ ಒಂದು ಗೇಣು ಬಲಕ್ಕೆ, ಒಂದು ಗೇಣು ಎಡಕ್ಕೆ ಸರಿಯುತ್ತಿದ್ದ. ಕಿಟಕಿಯಿಂದ ತಂಗಿ, "ಅಣ್ಣ, ಸ್ವಲ್ಪ ಏಳು" ಎನ್ನುವಳು. ಆತ ಕುರ್ಚಿಯಿಂದ ಎದ್ದು ನಿಲ್ಲುವನು. ಹಾಲು ಮಾತ್ರ ಉಕ್ಕಿಯೇ ಉಕ್ಕುವುದು. ಗೋಡೆಯ ಆಚೆ ಜನ ಬಂದು, ಮೇಲೆ ನೋಡಿ, ಯಾರೂ ಕಾಣದೆ ಹಿಂದಿರುಗುತ್ತಿದ್ದರು. ಅಂಚೆಯವನು ಪತ್ರಗಳನ್ನು ಹಿಡಿದು ಗೊಂದಲದಲ್ಲಿ ನಿಲ್ಲುತ್ತಿದ್ದ.

ಯಾರೂ ಹೋಗೆಂದು ಹೇಳಲಿಲ್ಲ. ಆದರೆ ಹಾಲು ಕೊಳ್ಳಲು ಬಂದ ಟೆಂಪೋದವನಿಗೆ ತೂಕದಣ್ಣನೇ, "ಮುಂದಿನ ಸಲ ಆ ಕಡೆ ಹೋಗುವಾಗ ಹೇಳಪ್ಪ" ಎಂದ. ತಂಗಿ ಅಂದು ನಾಲ್ಕು ಹಸುಗಳನ್ನೂ ಎರಡೆರಡು ಸಲ ತೊಳೆದಳು.

ಹೊರಡುವ ಬೆಳಿಗ್ಗೆ ಬಂತು. ಹಾಸಿಗೆಯ ಸುರುಳಿ, ಪೆಟ್ಟಿಗೆ, ಗಡಿಯಾರ ಟೆಂಪೋದಲ್ಲಿ ಕೂತವು. ತೂಕದಣ್ಣ ಹಸುಗಳ ಬೆನ್ನು ತಟ್ಟಿ ಹೊರಗೆ ಬಂದ. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು. ವೆಲ್ಡರ್ ಎಲ್ಲಿ ಎಂದು ನೋಡಿದರೆ ಅವನು ಹಿತ್ತಲಿನಲ್ಲಿ ಗ್ಯಾಸಿನ ತಿರುಗಣೆ ಬಿಚ್ಚಿ, ಡ್ರಮ್ಮಿನಲ್ಲಿದ್ದ ಗ್ಯಾಸನ್ನೆಲ್ಲ ಗಾಳಿಗೆ ಬಿಡುತ್ತಿದ್ದ. ಡ್ರಮ್ಮು ನಿಟ್ಟುಸಿರಿಟ್ಟು ತಳ ಸೇರಿತು. ಆಮೇಲೆ ಅವನು ಸಿಮೆಂಟಿನ ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿ ತೆಂಗಿನ ಬುಡಕ್ಕೆ ಎಸೆದ. ಅಂಗಡಿಯಿಂದ ಉದ್ದನೆಯ ದಪ್ಪ ಪೈಪೊಂದನ್ನು ತಂದು, ಗುಂಡಿಯ ನಡುವೆ ಎದ್ದು ನಿಂತ ಹೊಸ ಪೈಪಿನ ತಲೆಗೆ ಟೋಪಿಯಂತೆ ತೊಡಿಸಿ, ಅದಕ್ಕೆ ಜೋತುಬಿದ್ದು ಎಳೆಯತೊಡಗಿದ.

"ಏನ್ರೀ ಮಾಡ್ತಿದ್ದೀರ?" ಎಂದಳು ಹಾಲಿನಕ್ಕ.

"ಸರಿಮಾಡ್ತಿದ್ದೀನಿ."

"ಅದು ಸರಿಯಾಗೇ ಇದೆಯಲ್ಲ."

"ಅದೇ ತೊಂದರೆ ಆಗಿರೋದು. ನೋಡ್ತಾ ನಿಂತ್ಕೋಬೇಡಿ, ಕೈ ಹಾಕಿ."

ಸರ್ಕಾರದ ಪೈಪು, ಸುಲಭಕ್ಕೆ ಬಗ್ಗುವುದಲ್ಲ. ಗಾರೆಯವನು ಬಂದ, ದರ್ಜಿ ಬಂದ, ನಾನೂ ಕನ್ನಡಕ ತೆಗೆದು ಜೇಬಿಗಿಟ್ಟು ಹಿಡಿದೆ. "ನನಗೆ ಲೇಟಾಗುತ್ತೆ" ಎಂದು ಗೊಣಗುತ್ತಲೇ ಟೆಂಪೋದವನೂ ಬಂದು ಜೋತುಬಿದ್ದ. ನೆಟ್ಟಗಿದ್ದ ಒಂದು ಪೈಪನ್ನು ಸೊಟ್ಟ ಮಾಡಲು ಬೀದಿಯ ಗಂಡಸರೆಲ್ಲ ಬೆವರು ಸುರಿಸುತ್ತಿದ್ದೆವು. ಪೈಪು ಮೆಲ್ಲಗೆ ಒಲಿಯಿತು.

"ಸಾಕಾ?" ಎಂದು ವೆಲ್ಡರ್ ತಿರುಗಿ ನೋಡದೆಯೇ ಕೇಳಿದ.

ತೂಕದಣ್ಣ ನಮ್ಮ ಹಿಂದೆ ಬಂದು ನಿಂತಿದ್ದ. ಉಸಿರು ಹಿಡಿದು ನೋಡಿದ. "ಇನ್ನೊಂದು ಚೂರು ಎಡಕ್ಕೆ. ಸ್ವಲ್ಪ. ಹಾಂ, ಬಿಡಿ. ಮೊದಲು ಹೀಗೇ ಇತ್ತು."

ಎಲ್ಲರೂ ಕೈಬಿಟ್ಟು ನೆಲಕ್ಕೆ ಕೂತೆವು. ವೆಲ್ಡರ್ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ.

"ಮೊದಲಿಂದಲೂ ಹೀಗೇ ಇತ್ತು, ಭಾವ. ನಿಲ್ಲಿಸಿದ ದಿನದಿಂದಲೂ. ನಾನೇ ಸೊಟ್ಟಗೆ ನಿಲ್ಲಿಸಿದ್ದು."

ಇಷ್ಟು ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿ ಗಾರೆಯವನು ತನ್ನ ಕಿವಿಯನ್ನೇ ಮುಟ್ಟಿ ನೋಡಿಕೊಂಡ.

"ಗೊತ್ತು ಯಜಮಾನ್ರೇ," ಎಂದ ತೂಕದಣ್ಣ.

"ಗೊತ್ತಿದ್ದೂ ಕೂತಿದ್ರಾ?"

"ಗೊತ್ತಿದ್ದಕ್ಕೇ ಕೂತಿದ್ದೆ."

ಟೆಂಪೋದವನು ಯಾರೂ ಹೇಳದೆಯೇ ಹೋಗಿ ಹಾಸಿಗೆ, ಪೆಟ್ಟಿಗೆ, ಗಡಿಯಾರ ಇಳಿಸಿದ. ಹಾಲಿನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಆಮೇಲೆ ಸೊಂಟಕ್ಕೆ ಕೈಯಿಟ್ಟು ಗಂಡನ ಕಡೆ ತಿರುಗಿದಳು.

"ಎಲ್ಲಾ ಸರಿ. ಗ್ಯಾಸೆಲ್ಲ ಗಾಳಿಗೆ ಬಿಟ್ರಲ್ಲ, ಮಧ್ಯಾಹ್ನಕ್ಕೆ ಏನ್ ಬೇಯಿಸಲಿ? ಇಷ್ಟು ಜನ ಬೇರೆ ಸೇರ್ಕೊಂಡಿದ್ದೀರ."

ತೂಕದಣ್ಣ ಏಣಿಯನ್ನು ಗುಂಡಿಯೊಳಕ್ಕೆ ಇಳಿಬಿಟ್ಟು, ಗೋಣಿಚೀಲ ಹಿಡಿದುಕೊಂಡು, ತಳ ಸೇರಿದ್ದ ಡ್ರಮ್ಮಿನ ಮೇಲೆ ಇಳಿದು ಕೂತ. ಗೋಡೆಯ ಆಚೆಗಿರಲಿ, ಪಕ್ಕದಲ್ಲಿ ನಿಂತ ನಮಗೂ ನೆತ್ತಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಅಣ್ಣ, ಈಗ್ಯಾಕೆ ಕೂತೆ? ಒತ್ತೋಕೆ ಒಳಗೇನಿದೆ?"

"ಇರಲಿ ಬಿಡಮ್ಮ. ಬಂದಾಗ ಬರಲಿ."

ವೆಲ್ಡರ್ ಕೊಟ್ಟಿಗೆಗೆ ಹೋಗಿ ಸಗಣಿಯ ಬಕೆಟ್ಟು ತಂದ. ಆ ಕೆಲಸವನ್ನು ಅವನು ಅಲ್ಲಿಯವರೆಗೆ ಮಾಡಿದವನಲ್ಲ. ತೋಳು ಮಡಿಸಿ, ನೀರು ಸುರಿದು, ಮೊಣಕೈವರೆಗೆ ಇಳಿಸಿ ಕಲಸುತ್ತ, ಗುಂಡಿಯ ಕಡೆಗೆ ಮುಖ ಮಾಡಿ ಕೂಗಿದ.

"ಭಾವ, ನೀರು ಇಷ್ಟು ಸಾಕಾ, ಇನ್ನೂ ಬೇಕಾ?"

"ಎತ್ತಿ ತೋರಿಸಿ," ಎಂದಿತು ಕೆಳಗಿನ ದನಿ. "ಇಲ್ಲಿಂದ ಏನೂ ಕಾಣಲ್ಲ."